ರಿಸೀವರ್ ಸಾಹೇಬರು ಮತ್ತು ದುರ್ಗವ್ವನ ಖಾತೆ

ಹೋದ ತಿಂಗಳು ರಿಸೀವರ್ ಸಾಹೇಬರು ತೀರಿಕೊಂಡರು. ವಯಸ್ಸು ತೊಂಬತ್ತು ದಾಟಿತ್ತು, ಮಲಗಿದಲ್ಲೇ ಹೋದರು, ಆ ಬಗ್ಗೆ ಗೋಳಾಡುವಂಥದ್ದೇನೂ ಇಲ್ಲ. ನನ್ನ ಮೈ ಉರಿದದ್ದು ಬಾರ್ ರೂಮಿನ ಶ್ರದ್ಧಾಂಜಲಿ ಸಭೆಯಲ್ಲಿ. ಒಬ್ಬರ ಹಿಂದೆ ಒಬ್ಬರು ಎದ್ದು ನಿಂತು ಅವರನ್ನು ನಿಷ್ಪಕ್ಷಪಾತಿ, ನ್ಯಾಯನಿಷ್ಠುರ, ಅಜಾತಶತ್ರು ಎಂದು ಹೊಗಳಿದರು. ಹೊಗಳಿದವರಲ್ಲಿ ಅರ್ಧಕ್ಕರ್ಧ ಜನ ಅವರ ಮುಖವನ್ನೇ ನೋಡಿರಲಿಲ್ಲ. ಆ ಕಾಲದ ಮೂರ್ನಾಲ್ಕು ಮುದುಕರಿಗೆ ಮಾತ್ರ ಖರೆ ಗೊತ್ತಿತ್ತು. ಹಿಂದೆ ಕೋರ್ಟಿನಲ್ಲೇ ‘ಇವರು ಪಕ್ಷಪಾತಿ’ ಎಂದು ಕಾಗದದ ಮೇಲೆ ಬರೆದು ಅವರ ಕೆಲಸ ಕಸಿದುಕೊಂಡಿದ್ದರು. ಗೊತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ಕೂತಿದ್ದರು. ಆ ಮುದುಕರಲ್ಲಿ ನಾನೂ ಒಬ್ಬ. ಮೌನ ಆಚರಿಸುವ ಹೊತ್ತಿಗೆ ಎದ್ದು ಹೊರಗೆ ಬಂದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವ್ಯಾಪಾರಿಯೊಬ್ಬ ದಿವಾಳಿ ಎದ್ದರೆ ಅವನ ಆಸ್ತಿಯನ್ನು ಕೋರ್ಟು ಒಬ್ಬ ವಕೀಲರ ವಶಕ್ಕೆ ಕೊಡುತ್ತದೆ. ಅವರೇ ರಿಸೀವರ್. ಇದ್ದದ್ದನ್ನು ಮಾರಬೇಕು, ಸಾಲ ಕೊಟ್ಟವರನ್ನು ಕರೆದು ಯಾರ ಲೆಕ್ಕ ಖರೆ, ಯಾರದು ಖೊಟ್ಟಿ ಎಂದು ವಿಚಾರಣೆ ಮಾಡಬೇಕು, ಅವರ ಯಾದಿ, ಅಂದರೆ ಪಟ್ಟಿ, ಬರೆದು ಬಂದ ರೊಕ್ಕ ಹಂಚಬೇಕು. ಎಪ್ಪತ್ತೆರಡರ ಬರದ ನಂತರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪೇಟೆಗಳಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಾಕಿದ ಬಾಗಿಲಿಗೆ ಅರಗು ಸುರಿದು ಮುದ್ರೆ ಒತ್ತಲು ಹೋಗುತ್ತಿದ್ದವರು ಇವರು. ಅರಗು ಸಿಡಿದು ಸಿಡಿದು ಅವರ ಬಲಗೈ ಹೆಬ್ಬೆರಳು ಬೆಳ್ಳಗೆ ಚರ್ಮಗಟ್ಟಿತ್ತು. ಕುಳ್ಳ ಆಳು. ದೋತರ, ಕರಿ ಕೋಟು, ಕೈಯಲ್ಲಿ ಒಂದು ತಗಡಿನ ಟ್ರಂಕು. ನಾಲ್ಕೂ ತಾಲೂಕಿಗೆ ಬಸ್ಸಿನಲ್ಲೇ ಓಡಾಟ.

ಜನ ಅವರನ್ನು ‘ದಿವಾಳಿ ಸಾಹೇಬ’ ಎನ್ನುತ್ತಿದ್ದರು. ಇಂಡಿಯ ಬಸ್ ಸ್ಟ್ಯಾಂಡಿನೆದುರು ಚಹಾದಂಗಡಿಯವನೊಬ್ಬನಿದ್ದ. ಮುಂಜಾನೆ ಇವರು ಹೋಗಿ ನಿಂತರೆ, ‘ಬೋಣಿಗಿ ಆಗ್ಲಿ ತಡೀರಿ ಸಾಹೇಬ್ರ’ ಎನ್ನುವನು. ಇವರ ಕೈಯಿಂದ ದಿನದ ಮೊದಲ ದುಡ್ಡು ಬಂದರೆ ಅಂಗಡಿಯೇ ಮುಳುಗುತ್ತದೆಂಬ ಹೆದರಿಕೆ. ಯಾವನೋ ಡ್ರೈವರ್ ಬಂದು ಮೊದಲ ಕಪ್ಪು ಕುಡಿಯುವ ತನಕ ಇವರು ಕೊಡೆ ಊರಿಕೊಂಡು ನಿಂತಿರುವರು. ನನಗೆ ತಡೆಯಲಾಗದೆ ಒಮ್ಮೆ ಕೇಳಿದೆ: ‘ಇಂಥಾವನ ಮುಂದ ಯಾಕ ನಿಲ್ಲತೀರಿ? ಆಚೆ ಅಂಗಡಿಗೆ ಹೋಗೂಣು ಬರ್ರಿ.’

‘ಇವನ ಅಂಗಡಿ ಮುಳುಗಿದ್ರ ಮುದ್ರಿ ಒತ್ತಾಕ ಮತ್ತ ನಾನ ಬರಬೇಕಲ್ಲೋ ತಮ್ಮಾ. ಅದಕ್ಕ ನಿಂತೇನಿ’ ಎಂದು ನಕ್ಕರು.

ನನಗೆ ಆಗ ಮೂವತ್ತೆರಡು. ದೊಡ್ಡ ವ್ಯಾಪಾರಿಗಳ ಪರವಾಗಿ ನಿಲ್ಲುವ ವಕೀಲನೆಂದು ಹೆಸರು ಮಾಡುತ್ತಿದ್ದೆ. ದಿವಾಳಿ ಖಟ್ಲೆಗಳಲ್ಲಿ ದೊಡ್ಡ ಮೊತ್ತ ಸಿಕ್ಕಿಹಾಕಿಕೊಂಡವರೆಲ್ಲ ನನ್ನ ಹತ್ತಿರ ಬರುತ್ತಿದ್ದರು. ಹೀಗಾಗಿ ಅವರು ವಿಚಾರಣೆ ಮಾಡುವ ಕಡೆಯೆಲ್ಲ ನಾನೂ ಇರುತ್ತಿದ್ದೆ, ಎದುರುಬದುರಾಗಿ.

ಅವರ ಪದ್ಧತಿಯೇ ಬೇರೆ. ಎಲ್ಲ ರಿಸೀವರರೂ ಯಾದಿಯನ್ನು ಮೇಲಿನಿಂದ ಓದುತ್ತಾರೆ, ಹತ್ತು ಸಾವಿರ, ಇಪ್ಪತ್ತು ಸಾವಿರ ಬರಬೇಕಾದವರಿಂದ. ಇವರು ಕೆಳಗಿನಿಂದ ಓದುತ್ತಿದ್ದರು. ಮೂವತ್ತು ರೂಪಾಯಿ ಬರಬೇಕಾದ ಹಾಲಿನವಳು, ನಲವತ್ತು ಬರಬೇಕಾದ ಚಕ್ಕಡಿಯವನು ಮೊದಲು. ನನ್ನ ಕಕ್ಷಿದಾರರು ಕುರ್ಚಿಯಲ್ಲಿ ಕೂತು ಮಧ್ಯಾಹ್ನದತನಕ ಬೆವರು ಒರೆಸಿಕೊಳ್ಳಬೇಕು. ಒಂದು ಸಲ ಸಿಂದಗಿಯಲ್ಲಿ ಹತ್ತಿ ವ್ಯಾಪಾರಿಯೊಬ್ಬರು ರೇಗಿದರು. ಇವರು ತಲೆ ಎತ್ತದೆ, ‘ನಿಮಗ ಜೀಪ್ ಐತಿ. ಈಕಿಗೆ ಮೋರಟಗಿ ಬಸ್ ಐತಿ, ತಪ್ಪಿದ್ರ ನಾಳಿಗೇ. ಕೂಡ್ರಿ’ ಎಂದರು. ವ್ಯಾಪಾರಿ ಕೂತರು, ಆದರೆ ಅದನ್ನು ಮರೆಯಲಿಲ್ಲ. ಅಂಥ ಮರೆಯದವರ ಸಂಖ್ಯೆ ವರ್ಷ ವರ್ಷ ಬೆಳೆಯುತ್ತ ಹೋಯಿತು.

ಖೊಟ್ಟಿ ಸಾಲ ಹಿಡಿಯುವುದರಲ್ಲಿ ಅವರ ಸಮ ಯಾರೂ ಇರಲಿಲ್ಲ. ಝಳಕಿಯ ಒಬ್ಬ ಬಟ್ಟೆ ವ್ಯಾಪಾರಿ ದಿವಾಳಿ ಎದ್ದಾಗ, ತನ್ನ ಹೆಂಡತಿಯ ಅಣ್ಣನಿಂದ ಎಂಟು ಸಾವಿರ ಕೈಗಡ ತಂದಿದ್ದೆ ಎಂದು ಬರೆಸಿದ್ದ. ಹೀಗೆ ಬರೆಸಿದರೆ ಹಂಚುವಾಗ ಒಂದು ಪಾಲು ತಿರುಗಿ ಮನೆಗೇ ಬರುತ್ತದಲ್ಲ! ಹಿಂದಿನ ವರ್ಷದ ತಾರೀಖಿನ ಚೀಟಿ ಇತ್ತು, ಸ್ಟಾಂಪು ಇತ್ತು, ಇಬ್ಬರು ಸಾಕ್ಷಿದಾರರೂ ಇದ್ದರು. ಇವರು ಕಾಗದ ಬದಿಗಿಟ್ಟು ಆ ಅಣ್ಣನನ್ನು ಕೇಳಿದರು: ‘ರೊಕ್ಕ ಎಲ್ಲಿ ಕೊಟ್ಟಿ?’

‘ತಂಗಿ ಮನ್ಯಾಗ್ರಿ. ಮಧ್ಯಾಹ್ನದಾಗ.’

‘ತಂಗಿ ಊಟಕ್ಕ ಏನ್ ಮಾಡಿದ್ಲು?’

‘ಹೋಳಗಿ ಮಾಡಿದ್ಲರಿ. ತುಪ್ಪ ಹಾಕ್ಕೊಂಡು ಮೂರು ಉಂಡ್ನಿ.’

ವಿಚಾರಣೆ ನಡೆದದ್ದು ಅಂಗಡಿಯಲ್ಲಿ, ಹಿಂದೆಯೇ ಮನೆ. ಇವರು ಎದ್ದು ಒಳಬಾಗಿಲ ಹತ್ತಿರ ಹೋಗಿ ಒಳಗಿದ್ದ ಆ ತಂಗಿಯನ್ನು ಕೇಳಿದರು: ‘ಯವ್ವಾ, ಅಣ್ಣ ಊಟಕ್ಕ ಬಂದಾಗ ಏನ್ ಮಾಡಿದ್ದಿ?’ ಪಾಪ, ಅವಳಿಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ‘ಅಣ್ಣ ನಮ್ಮ ಮನಿ ಮೆಟ್ಲ ಹತ್ತಿ ಮೂರ್ ವರ್ಷ ಆತ್ರಿ. ನಮ್ಮವರಿಗೂ ಅವಗೂ ಮಾತಿಲ್ಲ’ ಎಂದು ಕಣ್ಣೊರೆಸಿಕೊಂಡಳು. ಎಂಟು ಸಾವಿರದ ಮೇಲೆ ಗೀಟು ಬಿತ್ತು. ನಮ್ಮ ಕಡೆ ಬೀಗರ ಮನೆಗೆ ಹೋಗಿ ಸಾವಿರಗಟ್ಟಲೆ ಎಣಿಸಿಕೊಟ್ಟವನು ಉಣ್ಣದೆ ಬರುವುದಿಲ್ಲ, ಉಂಡದ್ದನ್ನು ಉಣಿಸಿದವಳು ಮರೆಯುವುದಿಲ್ಲ. ಕಾಯದೆ ಪುಸ್ತಕದಲ್ಲಿ ಇಲ್ಲದ, ಅವರದೇ ಕಲಮು ಅದು.

ದೇವರಂಥ ಮನುಷ್ಯ ಎಂದು ನಾನು ಹೇಳುತ್ತಿಲ್ಲ. ಮುಂಗೋಪಿ. ಎಲ್ಲರ ಮೇಲೂ ಮೂಗಿಗೇರಿಸುವ ತಪಕೀರು ಉದುರಿಸುತ್ತ ಮಾತಾಡುವರು. ಮುದ್ದೇಬಿಹಾಳದಲ್ಲಿ ಎಣ್ಣೆ ಮಿಲ್ಲಿನವನೊಬ್ಬ ಕಾಲು ಹಿಡಿದು ಅಳತೊಡಗಿದಾಗ, ‘ಅಳೂದು ಆಮ್ಯಾಲೆ. ಮದ್ಲ ಕಪಾಟಿನ ಕೀಲಿ ಕೊಡು’ ಎಂದು ಗದರಿಸಿದ್ದನ್ನು ಕಂಡಿದ್ದೇನೆ. ಆದರೆ ಕೀಲಿ ಸಿಕ್ಕ ಮೇಲೆ, ಮುದ್ರೆ ಒತ್ತುವ ಮೊದಲು, ಅಡಿಗೆಯ ಭಾಂಡೆ, ಹಾಸಿಗೆ, ಮಕ್ಕಳ ಪಾಟಿಚೀಲಗಳನ್ನು ತಾವೇ ಒಂದೊಂದಾಗಿ ಎತ್ತಿ ಹೊರಗಿಟ್ಟರು. ಕಾಯದೆಯಲ್ಲಿ ಅವಕ್ಕೆ ಜಪ್ತಿಯಿಂದ ವಿನಾಯಿತಿಯಿದೆ. ಬೇರೆ ರಿಸೀವರರಿಗೆ ಅದು ನೆನಪಾಗುತ್ತಿರಲಿಲ್ಲ, ಅಷ್ಟೇ.

ಇನ್ನು ಆ ಖಟ್ಲೆ. ಈ ನಾಲ್ಕು ತಾಲೂಕಿನೊಳಗಿನ ಒಂದು ಪೇಟೆಯಲ್ಲಿ ನಡೆದದ್ದು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಕೆಲವರ ಮೊಮ್ಮಕ್ಕಳು ನನ್ನ ಮೇಲೆ ದಾವೆ ಹೂಡುತ್ತಾರೆ, ಅವರ ವಕಾಲತ್ತು ನನ್ನ ಮಗನೇ ಹಿಡಿದಾನು.

ಆ ಪೇಟೆಯಲ್ಲಿ ಕಾಳಿನ ದಲಾಲಿ ಅಂಗಡಿಯೊಂದಿತ್ತು. ಅದರ ಅಂಗಳದ ಬೇವಿನ ಮರದ ಕೆಳಗೆ ಕುಂಕುಮ ಹಚ್ಚಿದ ಮೊಳದೆತ್ತರದ ಕಲ್ಲು, ಅದೇ ದುರ್ಗವ್ವ. ಗುಡಿಯಿಲ್ಲ, ಪೂಜಾರಿಯಿಲ್ಲ. ಚೀಲ ಹೊರುವ ಇಪ್ಪತ್ತೆರಡು ಮಂದಿ ಹಮಾಲರೇ ಅವಳ ಭಕ್ತರು. ತೂಕ ಮಾಡುವಾಗ ಚೀಲದಿಂದ ಉದುರಿದ ಕಾಳು ಹಮಾಲರಿಗೆ ಸೇರಬೇಕೆಂಬುದು ಪೇಟೆಯ ರೂಢಿ. ಸಂಜೆ ಅದನ್ನು ಗುಡಿಸಿ, ಕೇರಿ, ವಾರಕ್ಕೊಮ್ಮೆ ಅದೇ ಅಂಗಡಿಗೆ ಮಾರುತ್ತಿದ್ದರು. ಆ ರೊಕ್ಕ, ಜೊತೆಗೆ ತಲೆಗೆ ಎಂಟಾಣೆಯಂತೆ ವಾರದ ಕೂಲಿಯಿಂದ ತೆಗೆದದ್ದು, ಎಲ್ಲ ಸೇರಿ ಅಂಗಡಿಯ ಸಾಹುಕಾರನ ಖಾತೆಪುಸ್ತಕದಲ್ಲಿ ‘ಶ್ರೀ ದುರ್ಗವ್ವ’ ಎಂಬ ಹೆಸರಿಗೆ ಜಮಾ ಆಗುತ್ತಿತ್ತು. ಇಪ್ಪತ್ತೆರಡು ಮಂದಿಗೆ ಇಪ್ಪತ್ತೆರಡು ಖಾತೆ ಬರೆಯಲು ಸಾಹುಕಾರನಿಗೆ ಪುರಸೊತ್ತಿರಲಿಲ್ಲ. ಅವ್ವನ ಹೆಸರಿನಲ್ಲಿದ್ದರೆ ತಮ್ಮೊಳಗೂ ಜಗಳ ಬರುವುದಿಲ್ಲ ಎಂದು ಹಮಾಲರಿಗೂ ಅದೇ ಬೇಕಾಗಿತ್ತು. ಒಂದೇ ಕಟ್ಟಳೆ: ಆ ರೊಕ್ಕವನ್ನು ಯಾರೂ ‘ನಂದು’ ಅನ್ನಬಾರದು. ಯಾರದಾದರೂ ಮನೆಯಲ್ಲಿ ಬಾಣಂತನ, ಆಪರೇಶನ್, ಸಾವು ಬಂದರೆ ಕಲ್ಲಿನ ಮುಂದೆ ನಿಂತು ಅವ್ವನನ್ನು ಕೇಳಬೇಕು. ಆಮೇಲೆ ಅವರ ಮುಖಂಡ ಭೀಮಪ್ಪ ಹೆಬ್ಬೆಟ್ಟು ಒತ್ತಿ ತರಬೇಕು.

ಹನ್ನೊಂದು ವರ್ಷದಲ್ಲಿ ಆ ಖಾತೆಯಲ್ಲಿ ಆರು ಸಾವಿರದ ಮೇಲೆ ಕೂಡಿತ್ತು. ಹಮಾಲರೆಲ್ಲ ಹಳ್ಳದ ದಂಡೆಯ ಗುಡಿಸಲುಗಳಲ್ಲಿದ್ದರು, ಮಳೆಗಾಲಕ್ಕೊಮ್ಮೆ ನೀರು ಒಳಗೆ ಬರುತ್ತಿತ್ತು. ಪೇಟೆಯ ಹಿಂದಿನ ಎತ್ತರದ ಜಾಗ ಅರ್ಧ ಎಕರೆ ಕೊಂಡು ಇಪ್ಪತ್ತೆರಡು ಮನೆ ಹಾಕುವುದೆಂದು ಮಾತಾಗಿತ್ತು. ಜಾಗದವನು ಆರು ಸಾವಿರಕ್ಕೆ ಒಪ್ಪಿದ್ದ. ಅಷ್ಟರಲ್ಲಿ ಸಾಹುಕಾರ ಹತ್ತಿಯ ಸಟ್ಟಾ ಜೂಜಿನಲ್ಲಿ ಮುಳುಗಿ ದಿವಾಳಿ ಎದ್ದ.

ಖಾತೆಪುಸ್ತಕ ಕೋರ್ಟಿಗೆ ಬಂದದ್ದೇ ತಡ, ಊರ ದೊಡ್ಡ ಗುಡಿಯ ಕಮಿಟಿಗೆ ಒಮ್ಮಿಂದೊಮ್ಮೆಲೇ ದುರ್ಗವ್ವನ ಮೇಲೆ ಭಕ್ತಿ ಉಕ್ಕಿತು. ಊರೊಳಗಿನ ದೇವರೆಲ್ಲ ನಮ್ಮ ಕಮಿಟಿಗೆ ಸೇರಿದ್ದು, ಆದ್ದರಿಂದ ದುರ್ಗವ್ವನ ರೊಕ್ಕ ನಮಗೆ ಬರಬೇಕು ಎಂದು ಅರ್ಜಿ ಹಾಕಿದರು. ಕಮಿಟಿಯ ಅಧ್ಯಕ್ಷರೂ ಆ ದಿವಾಳಿಯಲ್ಲಿ ಸಿಕ್ಕಿಬಿದ್ದಿದ್ದ ದೊಡ್ಡ ವ್ಯಾಪಾರಿ. ಅವರ ವಕೀಲ ನಾನು. ದೇವರ ರೊಕ್ಕ ನಂಬಿ ಇಟ್ಟ ಠೇವು, ಅದು ದಿವಾಳಿಗಾರನ ಆಸ್ತಿಯೇ ಅಲ್ಲ, ಹಂಚಿಕೆಗೆ ಸೇರದೆ ಪೂರ್ತಿ ಕೈಗೆ ಬರುತ್ತದೆ ಎಂದು ಅವರಿಗೆ ಕಿವಿಯಲ್ಲಿ ಹೇಳಿಕೊಟ್ಟವನೂ ನಾನೇ. ಉಳಿದವರಿಗೆಲ್ಲ ರೂಪಾಯಿಗೆ ಎರಡಾಣೆ ಬಂದರೆ ಹೆಚ್ಚು ಎಂಬ ಖಟ್ಲೆ ಅದು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ನಾನೂ ರಿಸೀವರ್ ಸಾಹೇಬರೂ ಒಂದೇ ಖಾನಾವಳಿಯಲ್ಲಿ, ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದೆವು. ಭೀಮಪ್ಪ ಬಂದು ಬಾಗಿಲಲ್ಲಿ ಕೈಮುಗಿದು ನಿಂತ. ಆರಡಿ ಆಳು, ಚೀಲ ಹೊತ್ತು ಹೊತ್ತು ಕುತ್ತಿಗೆ ಒಂದು ಕಡೆ ವಾಲಿತ್ತು.

‘ಸಾಹೇಬ್ರ, ನಾಳಿಗೆ ನಾ ಏನಂತ ಹೇಳಬೇಕ್ರಿ?’

ಇವರು ತುತ್ತು ಕೆಳಗಿಟ್ಟರು. ಒಂದೇ ಒಂದು ಮಾತು ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು. ‘ನಮ್ಮ ರೊಕ್ಕ ಅನ್ನು’ ಎಂದರೆ ಸಾಕಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು.

‘ಕೇಳಿದ್ದಕ್ಕ ಖರೆ ಹೇಳು ಭೀಮಪ್ಪ. ನಾ ವಿಚಾರಣಿ ಮಾಡಾಂವ. ಬ್ಯಾರೆ ಏನೂ ಹೇಳಾಕ ನನಗ ಬರಾಂಗಿಲ್ಲ’ ಎಂದರು. ಅವನು ಹೋದ ಮೇಲೆ ಮುಂದೆ ಉಣ್ಣಲಿಲ್ಲ, ಎದ್ದು ಕೈ ತೊಳೆದರು. ಇದನ್ನು ನಾನು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ, ನೆನಪಿಡಿ.

ಮರುದಿನ ಆ ಅಂಗಡಿಯ ಕಟ್ಟೆಯ ಮೇಲೆಯೇ ವಿಚಾರಣೆ. ಸಾಹುಕಾರನನ್ನು ಕೇಳಿದರೆ, ‘ಖಾತಿ ದೇವಿ ಹೆಸರಿಲೆ ಐತ್ರಿ, ಮುಂದಿಂದು ನನಗೇನ್ ಗೊತ್ತರಿ’ ಎಂದು ಕೈ ಕೊಡವಿದ. ಹನ್ನೊಂದು ವರ್ಷ ಆ ಹಮಾಲರ ಬೆನ್ನ ಮೇಲೆ ಬದುಕಿದವನ ಬಾಯಲ್ಲಿ ಬಂದ ಮಾತು ಅಷ್ಟು. ಆಮೇಲೆ ಭೀಮಪ್ಪ ನಿಂತ. ಪ್ರಮಾಣ ಮಾಡಿಸಿದರು. ಕೇಳುವ ಪಾಳಿ ನನ್ನದು. ಎದುರಿಗೇ ಬೇವಿನ ಮರ, ದುರ್ಗವ್ವ. ನಾನು ಬೇಕಂತಲೇ ಅತ್ತ ಕೈ ಮಾಡಿ ಕೇಳಿದೆ.

‘ಭೀಮಪ್ಪ, ಆಕಿ ಮುಂದ ನಿಂತು ಹೇಳು. ಈ ಖಾತ್ಯಾಗಿನ ರೊಕ್ಕ ಯಾರದು?’

‘ಅವ್ವಂದರಿ.’

‘ನಿಮ್ಮದಲ್ಲ?’

‘ನಮ್ಮದು ಹೆಂಗ ಅನ್ನೂದ್ರಿ? ಇಡೂ ಮುಂದ ಅವ್ವಂದು ಅಂದೇವಿ. ಈಗ ನಮ್ಮದು ಅಂದ್ರ ನಾಲಗಿ ಬಿದ್ದು ಹೋದೀತ್ರಿ.’

ನಾನು ಕೂತುಬಿಟ್ಟೆ. ಅದಕ್ಕಿಂತ ಹೆಚ್ಚು ನನಗೇನು ಬೇಕಿತ್ತು? ಹಿಂದೆ ನಿಂತಿದ್ದ ಇಪ್ಪತ್ತೊಂದು ಮಂದಿಯಲ್ಲಿ ಒಬ್ಬನಾದರೂ ‘ಏ ಭೀಮಪ್ಪ, ಏನ್ ಹೇಳಾಕತ್ತಿ’ ಎಂದು ಕೂಗಬಹುದಿತ್ತು. ಎಲ್ಲರೂ ಹೌದೆಂದು ತಲೆಯಾಡಿಸಿದರು. ತಮ್ಮ ಇಪ್ಪತ್ತೆರಡು ಮನೆಗಳನ್ನು ತಮ್ಮ ಬಾಯಿಂದಲೇ ಬಿಟ್ಟುಕೊಟ್ಟರು, ಅದೂ ನೆಟ್ಟಗೆ ನಿಂತು, ಭಕ್ತಿಯಿಂದ.

ರಿಸೀವರ್ ಸಾಹೇಬರು ಲೇಖನಿ ಕೆಳಗಿಟ್ಟರು. ಆಮೇಲೆ ಕೇಳಿದರು: ‘ಭೀಮಪ್ಪ, ಹ್ವಾದ ವರ್ಷ ಅವ್ವನ ರೊಕ್ಕದಾಗ ಏನೇನಾತು?’

‘ಸಿದ್ದನ ಹೇಣ್ತಿ ಬಾಣಂತನ ಆತ್ರಿ. ಲಾಲಪ್ಪನ ಹರ್ನಿಯಾ ಆಪರೇಶನ್ ಆತ್ರಿ. ನಮ್ಮ ದೊಡ್ಡಪ್ಪ ಸತ್ತಾಗ ಮಣ್ಣಿಗೆ ಮೂವತ್ತು ರೂಪಾಯಿ.’

‘ಸಾಹುಕಾರ್ರ ಕಡೆಯಿಂದ ಯಾರು ಇಸ್ಕೊಂಡು ಬರ್ತಿದ್ರು?’

‘ನಾನ ರಿ. ಹೆಬ್ಬಟ್ಟು ಒತ್ತಿ.’

ಅಧ್ಯಕ್ಷರ ಕಡೆ ತಿರುಗಿದರು. ‘ನೀವು ಇದರಾಗ ಒಂದು ಪೈಸೆ ಇಟ್ಟೀರೇನ್ರಿ? ತಗದೀರೇನ್ರಿ? ಈ ಅವ್ವಗ ಒಂದು ದಿನ ಎಣ್ಣಿ ಬತ್ತಿ ಹಚ್ಚೀರೇನ್ರಿ?’ ಅಧ್ಯಕ್ಷರು ನನ್ನ ಮುಖ ನೋಡಿದರು. ‘ನನಗ್ ನೋಡ್ರಿ, ವಕೀಲರಿಗಲ್ಲ’ ಎಂದು ಇವರು ಗುಡುಗಿದರು. ಇಲ್ಲ ಎಂದು ಹೇಳಲೇಬೇಕಾಯಿತು.

ಒಂದು ವಾರದಲ್ಲಿ ಆದೇಶ ಬರೆದರು. ಹೆಸರು ದೇವಿಯದಾದರೂ ಇಟ್ಟವರು, ತೆಗೆದವರು, ಉಂಡವರು ಹಮಾಲರು. ದೇವಿಯ ಹೆಸರು ಅವರು ತಮ್ಮ ಗಂಟಿಗೆ ಹಾಕಿಕೊಂಡ ಕೀಲಿ ಮಾತ್ರ. ಖಾತೆಯ ರೊಕ್ಕ ಪೂರ್ತಿ ಅವರಿಗೆ ಸೇರತಕ್ಕದ್ದು. ಅದಕ್ಕಿಂತ ಚೆನ್ನಾದ ಆದೇಶವನ್ನು ಐವತ್ತು ವರ್ಷದ ವಕೀಲಿಯಲ್ಲಿ ನಾನು ಓದಿಲ್ಲ. ಓದಿ ಮುಗಿಸಿದವನೇ ಅದರ ಮೇಲೆ ಅಪೀಲು ಬರೆಯಲು ಕೂತೆ.

ಅಪೀಲಿನಲ್ಲಿ ನಾನೊಂದು ವಾಕ್ಯ ಬರೆದೆ: ‘ರಿಸೀವರರು ಸಾಕ್ಷಿದಾರನನ್ನು ಮೊದಲೇ ಏಕಾಂತದಲ್ಲಿ ಭೇಟಿಯಾಗಿದ್ದು, ಪಕ್ಷಪಾತದಿಂದ ನಡೆದುಕೊಂಡಿರುತ್ತಾರೆ.’ ಏಕಾಂತವಂತೆ! ಖಾನಾವಳಿಯ ಅದೇ ಮೇಜಿಗೆ ಕೂತು ರೊಟ್ಟಿ ಮುರಿಯುತ್ತಿದ್ದವನು ನಾನು. ನ್ಯಾಯಾಧೀಶರು ಆ ವಾಕ್ಯವನ್ನು ಹಾಗೇ ಎತ್ತಿ ತೀರ್ಪಿನಲ್ಲಿ ಇಳಿಸಿದರು. ಸಾಕ್ಷಿದಾರ ಪ್ರಮಾಣ ಮಾಡಿ ‘ದೇವಿಯದು’ ಎಂದ ಮೇಲೆ ಬೇರೆ ಮಾತೇ ಇಲ್ಲ, ರೊಕ್ಕ ಕಮಿಟಿಗೆ, ಮುಂದೆ ಈ ರಿಸೀವರರಿಗೆ ಹೊಸ ಖಟ್ಲೆ ಕೊಡತಕ್ಕದ್ದಲ್ಲ ಎಂದರು. ಒಂದು ಮಾತನ್ನೂ ಹೇಳಿಕೊಡಲಾರೆ ಎಂದು ಊಟ ಬಿಟ್ಟು ಎದ್ದ ಮನುಷ್ಯನಿಗೆ ಪಕ್ಷಪಾತಿ ಎಂಬ ಪಟ್ಟ ಕಟ್ಟಿದೆವು. ಸಿಂದಗಿಯ ಜೀಪಿನವರಿಂದ ಹಿಡಿದು ಮುದ್ದೇಬಿಹಾಳದವರವರೆಗೆ ಎಲ್ಲ ದೊಡ್ಡವರೂ ಸಿಹಿ ಹಂಚಿದರು. ನಾನೂ ತಿಂದೆ. ಮುಂದೆ ಕಮಿಟಿಯವರು ಆ ರೊಕ್ಕದಿಂದ ದೊಡ್ಡ ಗುಡಿಗೆ ಕಮಾನು ಕಟ್ಟಿಸಿದರು, ಅದರ ಮೇಲೆ ಅಧ್ಯಕ್ಷರ ಹೆಸರು ಕೆತ್ತಿಸಿದರು. ದುರ್ಗವ್ವನಿಗೆ ಒಂದು ತಗಡಿನ ನೆರಳೂ ಬರಲಿಲ್ಲ. ಹಳ್ಳದ ದಂಡೆಯವರು ಹಳ್ಳದ ದಂಡೆಯಲ್ಲೇ ಉಳಿದರು.

ಹಮಾಲರಿಗೆ ಕೊನೆಗೆ ಬಂದದ್ದು ಬಾಕಿ ಕೂಲಿ. ಕೂಲಿಯವರಿಗೆ ಮೊದಲ ಪಾಲು ಎಂದು ಕಾಯದೆ ದೊಡ್ಡ ಮನಸ್ಸು ಮಾಡಿದೆ, ಆದರೆ ಎಷ್ಟೇ ಬಾಕಿ ಇರಲಿ ತಲೆಗೆ ಇಪ್ಪತ್ತು ರೂಪಾಯಿ ಮಾತ್ರ. ಬ್ರಿಟಿಷರ ಕಾಲದಲ್ಲಿ ಬರೆದ ಇಪ್ಪತ್ತು. ಅವರು ಹೋಗಿ ಇಪ್ಪತ್ತೈದು ವರ್ಷ ದಾಟಿದ್ದರೂ ಅದನ್ನು ಇಪ್ಪತ್ತೊಂದು ಮಾಡಲು ಯಾರಿಗೂ ಕೈ ಬಂದಿರಲಿಲ್ಲ.

ಅದನ್ನು ಹಂಚಿದ್ದು ರಿಸೀವರ್ ಸಾಹೇಬರ ಕೊನೆಯ ಕೆಲಸ. ಅದೇ ಕಟ್ಟೆ. ನನ್ನ ಕಕ್ಷಿದಾರರ ಪಾಲಿಗೆ ಸಹಿ ಮಾಡಲು ನಾನೂ ಹೋಗಿದ್ದೆ. ಬೆಳಿಗ್ಗೆಯೇ ರಿಸೀವರ್ ಸಾಹೇಬರು ನನಗೊಂದು ಚೆಕ್ಕು ಬರೆದು ಕೊಟ್ಟಿದ್ದರು. ಕಮಿಟಿಯ ವಕೀಲರ ಫೀ ನಾಲ್ಕು ನೂರು ರೂಪಾಯಿಯನ್ನು ದುರ್ಗವ್ವನ ಖಾತೆಯಿಂದಲೇ ಮುರಿದು ಕೊಡಬೇಕೆಂದು ಕೋರ್ಟಿನ ಹುಕುಮು. ಚೆಕ್ಕನ್ನು ನಾನು ಕೋಟಿನ ಎದೆಯ ಕಿಸೆಯಲ್ಲಿಟ್ಟುಕೊಂಡೆ.

ಹಮಾಲರು ಸಾಲಾಗಿ ಬಂದು ಹತ್ತರ ಎರಡೆರಡು ನೋಟು ಇಸಿದುಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದರು. ಭೀಮಪ್ಪನೂ ಒತ್ತಿದ. ಒತ್ತಿದವನು ಹೋಗಲಿಲ್ಲ. ನನ್ನ ಕಡೆ ತಿರುಗಿ ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚಲೋ ಇತ್ತು.

‘ವಕೀಲ ಸಾಹೇಬ್ರ, ಒಂದು ಮಾತು ಕೇಳೂದಿತ್ರಿ. ಅವ್ವನ ರೊಕ್ಕ ಅವ್ವಗ ಪೂರಾ ಮುಟ್ಟೇತೇನ್ರಿ? ನಡಕ ಯಾರೂ ಕೈ ಹಾಕಿಲ್ಲಲ್ರಿ?’

ಚೆಕ್ಕು ನನ್ನ ಎದೆಯ ಮೇಲೇ ಇತ್ತು. ‘ಪೂರಾ ಮುಟ್ಟೇತಿ ಭೀಮಪ್ಪ. ಒಂದು ಪೈಸೆ ಯಾರೂ ಮುಟ್ಟಿಲ್ಲ’ ಎಂದೆ.

ಅವನ ಮುಖ ಅರಳಿತು. ‘ಅಷ್ಟಾದ್ರ ಸಾಕ್ರಿಯಪ್ಪಾ. ನಮಗ ಮನಿ ಆಗ್ಲಿಲ್ಲಂದ್ರ ಹೋಗವಲ್ದ್ಯಾಕ, ಆಕಿದು ಆಕಿಗೆ ಮುಟ್ಟಿತಲ್ಲ’ ಎಂದು ನನಗೆ ಬಗ್ಗಿ ಕೈಮುಗಿದ.

ರಿಸೀವರ್ ಸಾಹೇಬರ ಮುಂದೆ ಚೆಕ್ಕು ಪುಸ್ತಕ ತೆರೆದೇ ಇತ್ತು. ನನ್ನ ಚೆಕ್ಕು ಹರಿದು ಪುಸ್ತಕದಲ್ಲಿ ಉಳಿದ ತುಂಡಿನ ಮೇಲೆ ನನ್ನ ಹೆಸರು, ನಾಲ್ಕು ನೂರು, ಖಾತೆ ಶ್ರೀ ದುರ್ಗವ್ವ ಎಂದು ಅವರ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಭೀಮಪ್ಪ ಅವರಿಗೂ ಕೈಮುಗಿಯಲು ಅತ್ತ ತಿರುಗಿದ. ಅವರು ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಅದರ ಮೇಲೆ ಕೈಯಿಟ್ಟರು. ಭೀಮಪ್ಪನಿಗೆ ಓದಲು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಮುಚ್ಚಿದರು.